ಹಿಟ್ಟು ಬೆರೆಸದ ಪುಡಿ

ವಾಸಂತಿ ಊಟದ ಡಬ್ಬಿ ತೆರೆಯುವ ಮುನ್ನ ಮೂರು ಸಲ ಕೈ ತೊಳೆಯುತ್ತಿದ್ದಳು. ಆದರೂ ಮೊದಲ ತುತ್ತು ಕಹಿಯೇ. ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ದುಡಿಯುವ ಎಲ್ಲರ ಪಾಡೂ ಅದೇ. ಅಲ್ಲಿ ಗಿಡಮೂಲಿಕೆಗಳ ಸಾರ ತೆಗೆಯುತ್ತಾರೆ. ಅಮೃತಬಳ್ಳಿ, ನೆಲಬೇವು, ಅಶ್ವಗಂಧ ಮೂಟೆಗಟ್ಟಲೆ ಬಂದು ಇಳಿಯುತ್ತವೆ. ಕತ್ತರಿಸಿ, ಆಳೆತ್ತರದ ಸ್ಟೀಲ್ ಹಂಡೆಗಳಲ್ಲಿ ಕುದಿಸಿ, ಬತ್ತಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಕೊನೆಗೆ ಉಳಿಯುವುದು ಒಂದಿಷ್ಟು ಕಂದು ಪುಡಿ. ಆ ಪುಡಿಯ ಧೂಳು ಕೂದಲಲ್ಲಿ, ಸೀರೆಯ ನೆರಿಗೆಯಲ್ಲಿ, ತುಟಿಯ ಮೇಲೆ ಕೂತುಬಿಡುತ್ತದೆ. ಚಿಕ್ಕಬಾಣಾವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರು ಒಮ್ಮೆ ಮೂಗು ಅರಳಿಸಿ, ಆಮೇಲೆ ಕಿಟಕಿ ಕಡೆ ತಿರುಗುತ್ತಿದ್ದರು. ವಾಸಂತಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಔಷಧಿಯ ವಾಸನೆ ತಾನೇ, ಹೆಂಡದ್ದಲ್ಲವಲ್ಲ ಎನ್ನುತ್ತಿದ್ದಳು.

ಅವಳ ಕೆಲಸ ಲ್ಯಾಬಿನಲ್ಲಿ. ಬಿ.ಎಸ್ಸಿ. ಮುಗಿಸಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಸೇರಿದವಳು ಮೂವತ್ತು ವರ್ಷ ಅದೇ ಕಿಟಕಿಯ ಪಕ್ಕ, ಅದೇ ಸ್ಟೂಲಿನ ಮೇಲೆ ಕೂತು ಪುಡಿಗಳನ್ನು ಪರೀಕ್ಷಿಸಿದ್ದಾಳೆ. ಪ್ರತಿ ಬ್ಯಾಚಿನಿಂದ ಒಂದು ಚಿಟಿಕೆ ತೆಗೆದು, ಕರಗಿಸಿ, ಬಿಳಿ ಲೇಪದ ಗಾಜಿನ ತಟ್ಟೆಯ ಮೇಲೆ ಚುಕ್ಕಿ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ, ಚುಕ್ಕಿ ಮೇಲೇರುತ್ತಾ ಬೇರೆ ಬೇರೆ ಬಣ್ಣದ ಗೆರೆಗಳಾಗಿ ಒಡೆಯುತ್ತದೆ. ಆ ಗೆರೆಗಳನ್ನು ನೋಡಿಯೇ ಇದು ನಿಜವಾದ ಅಮೃತಬಳ್ಳಿಯೋ, ಬೇಲಿಯಲ್ಲಿ ಬೆಳೆದ ಇನ್ಯಾವುದೋ ಬಳ್ಳಿಯೋ ಹೇಳುತ್ತಿದ್ದಳು. ಆಮೇಲೆ ರಿಜಿಸ್ಟರಿನಲ್ಲಿ ಬ್ಯಾಚ್ ನಂಬರು, ತಾರೀಖು, ಕಹಿಯ ಅಂಶ, ಕೆಳಗೆ ಅವಳ ಸಹಿ. ಆ ಸಹಿ ಬೀಳದೆ ಒಂದು ಮೂಟೆಯೂ ಗೇಟು ದಾಟುವಂತಿರಲಿಲ್ಲ.

ಸಹಿ ಬೀಳಿಸುವುದು ಸುಲಭವೂ ಇರಲಿಲ್ಲ. ಒಮ್ಮೆ ಇಡೀ ಲಾರಿ ಬಳ್ಳಿಯನ್ನು ವಾಪಸ್ ಕಳಿಸಿಬಿಟ್ಟಳು. ಮ್ಯಾನೇಜರ್ ಸಿದ್ದರಾಮಪ್ಪ ಲ್ಯಾಬಿನ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಬೇಡಿಕೊಂಡರು. "ಹತ್ತರಲ್ಲಿ ಎರಡು ಪಾಲು ಬೇರೆ ಬಳ್ಳಿ ಇದ್ರೆ ಏನಾಗ್ತದೆ ವಾಸಂತಮ್ಮ? ಕುಡಿಯೋರಿಗೆ ಗೊತ್ತಾಗ್ತದಾ?"

"ಕುಡಿಯೋರು ಯಾರೋ ನಂಗೂ ಗೊತ್ತಿಲ್ಲ ಸಾರ್. ಪುಡಿ ಮಾತ್ರ ಗೊತ್ತು. ಇದು ಪುಡಿ ಅಲ್ಲ, ಕಸ," ಎಂದಿದ್ದಳು ವಾಸಂತಿ.

ಈ ಮಾತನ್ನು ಅವಳೇ ಹೆಮ್ಮೆಯಿಂದ ನಾಲ್ಕು ಜನರಿಗೆ ಹೇಳಿದ್ದುಂಟು. ಈಗ ಯಾರ ಮುಂದೆಯೂ ಹೇಳುವುದಿಲ್ಲ.

ಅವಳಿಗೆ ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಬಂದ ಒಂದೆರಡು ಗಂಡುಗಳು ಇವಳಿಗೆ ಹಿಡಿಸಲಿಲ್ಲ, ಆಮೇಲೆ ಬರುವವರು ನಿಂತರು, ಅಷ್ಟೇ. ತಂದೆ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿದ್ದವರು. ರಿಟೈರಾದಾಗ ಬಂದ ಹಣದಲ್ಲಿ ಚಿಕ್ಕಬಾಣಾವರದ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮೇಲಿನ ಮನೆಯಲ್ಲಿ ವಾಸಂತಿ, ಕೆಳಗೆ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಉಪೇಂದ್ರ, ಅವನ ಹೆಂಡತಿ ಸುಕೃತಿ. ಉಪೇಂದ್ರ ಪೀಣ್ಯದಲ್ಲೇ ವಾಲ್ವು ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಬೆಳಿಗ್ಗೆ ಏಳಕ್ಕೆ ಮೆಟ್ಟಿಲು ಹತ್ತಿ ಬಂದು ಅಕ್ಕನ ಕೈಯ ಕಾಫಿ ಕುಡಿದೇ ಅವನು ಕೆಲಸಕ್ಕೆ ಹೋಗುವುದು. ಕೆಳಗಿನ ಮನೆಯ ಕಾಫಿಗೆ ಏನಾಗಿದೆ ಎಂದು ಸುಕೃತಿ ಒಂದೆರಡು ವರ್ಷ ಮುನಿಸಿಕೊಂಡು, ಆಮೇಲೆ ಬಿಟ್ಟುಬಿಟ್ಟಳು.

ನಲವತ್ತಮೂರು ದಾಟುವ ಹೊತ್ತಿಗೆ ಉಪೇಂದ್ರನ ಎರಡೂ ಕಿಡ್ನಿ ಕೈಕೊಟ್ಟವು. ಗೊತ್ತಾಗದೆ ಬೆಳೆದಿದ್ದ ಬಿ.ಪಿ.ಯ ಕೆಲಸ. ಡಯಾಲಿಸಿಸ್ ಶುರುವಾದ ವಾರವೇ ವಾಸಂತಿ ರಜೆ ಹಾಕಿ ಆಸ್ಪತ್ರೆಗೆ ಹೋಗಿ ತೋಳು ಚಾಚಿದಳು. "ನಂದು ತಗೊಳ್ಳಿ. ನಂಗೆ ಗಂಡನಾ ಮಕ್ಕಳಾ?" ಪರೀಕ್ಷೆಯಲ್ಲಿ ಅವಳಿಗೇ ಸಕ್ಕರೆ ಕಾಯಿಲೆ ಇರುವುದು ಬಯಲಾಯಿತು. ಡಾಕ್ಟರು ಮೃದುವಾಗಿಯೇ ಹೇಳಿದರು: "ನಿಮ್ಮ ಕಿಡ್ನಿ ನಿಮಗೇ ಬೇಕಾಗುತ್ತೆ ಮೇಡಂ." ಊರಿನವರ ಪುಡಿಯನ್ನೆಲ್ಲ ಬೇಡವೆನ್ನುತ್ತಿದ್ದವಳನ್ನು ಅಂದು ಬೇಡವೆಂದರು. ಅವಳು ಕಾರಿಡಾರಿನಲ್ಲಿ ಕೂತು ಅತ್ತಳು.

ಸುಕೃತಿಯದು ಹೊಂದಿತು. ಎರಡು ಸಾವಿರದ ಇಪ್ಪತ್ತೆರಡರ ಫೆಬ್ರವರಿಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕದ ಆಪರೇಷನ್ ಕೋಣೆಗಳಲ್ಲಿ ಮಲಗಿದರು. ಉಪೇಂದ್ರ ಎದ್ದು ಕೂತಾಗ ಮುಖಕ್ಕೆ ಬಣ್ಣ ಬಂದಿತ್ತು. ವಾಸಂತಿ ಸುಕೃತಿಯ ಕಾಲು ಮುಟ್ಟಲು ಹೋದಳು. ಸುಕೃತಿ ನೋವಿನಲ್ಲೂ ನಗುತ್ತಾ, "ಅಯ್ಯೋ ಅತ್ತಿಗೆ, ದೊಡ್ಡೋರು ನೀವು, ಏನಿದು," ಎಂದು ಕಾಲೆಳೆದುಕೊಂಡಳು. ವಾಸಂತಿಗೆ ಕೃತಜ್ಞತೆ ಇತ್ತು, ಸುಳ್ಳಲ್ಲ. ಅದರ ಅಡಿಯಲ್ಲಿ ಒಂದು ಹೊಟ್ಟೆಕಿಚ್ಚೂ ಇತ್ತು. ನರ್ಸರಿ ಶಾಲೆಗೆ ಕೈಹಿಡಿದು ಕರೆದೊಯ್ದವಳು ತಾನು. ಜೀವ ಕೊಟ್ಟವಳು ನಿನ್ನೆ ಮೊನ್ನೆ ಬಂದವಳು. ಇಂಥದ್ದನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಅವಳೂ ಹೇಳಲಿಲ್ಲ. ನುಂಗಿಕೊಂಡಳು.

ಸುಕೃತಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಬರೆದಿಡದೆ ಇದ್ದದ್ದನ್ನು ನಂಬದ ಹೆಣ್ಣು. ಗಂಡನನ್ನು ಮನೆಗೆ ಕರೆತಂದ ದಿನವೇ ಇನ್ನೂರು ಪುಟದ ನೋಟ್‌ಬುಕ್ ತಂದು, ಫ್ರಿಜ್ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದಳು. ಬೆಳಿಗ್ಗೆ ಎಂಟರ ಮಾತ್ರೆ, ಸಂಜೆ ಎಂಟರ ಮಾತ್ರೆ, ಜ್ವರ, ತೂಕ, ಕುಡಿದ ನೀರು, ಎಲ್ಲವೂ ಅದರಲ್ಲಿ. ಮೊದಲ ಪುಟಕ್ಕೆ ಆಸ್ಪತ್ರೆಯ ಸೂಚನೆಗಳ ಹಾಳೆ ಅಂಟಿಸಿದ್ದಳು. ಅದರ ಏಳನೆಯ ಸಾಲು: ಕೇಳದೆ ಯಾವುದೇ ನಾಟಿ, ಗಿಡಮೂಲಿಕೆ ಔಷಧಿ ಕೊಡಬಾರದು.

ಆ ಸಾಲನ್ನು ವಾಸಂತಿ ಓದಿದ್ದಳು. ಓದಿ ತಲೆಯಾಡಿಸಿಯೂ ಇದ್ದಳು. ಪೇಟೆಯಲ್ಲಿ ಸಿಗುವ ಪುಡಿಗಳ ಯೋಗ್ಯತೆ ಅವಳಿಗೆ ಗೊತ್ತಿಲ್ಲವೇ? ಸೀಸ, ಪಾದರಸ, ಮರದ ಹೊಟ್ಟು, ಏನೇನೋ. ಡಾಕ್ಟರುಗಳು ಬೇಡವೆನ್ನುವುದು ಅದಕ್ಕೇ ಎಂದು ಅವಳು ತಿಳಿದಳು. ಕೊಳಕಿಗೆ ಹೆದರಿ ಬರೆದ ಸಾಲು, ಶುದ್ಧವಾದದ್ದಕ್ಕೆ ಅನ್ವಯಿಸುವುದಿಲ್ಲ. ಇಷ್ಟು ವರ್ಷ ಕಸ ಬೇರ್ಪಡಿಸಿಯೇ ಬದುಕಿದವಳಿಗೆ ಲೋಕದ ಎಲ್ಲ ಕೇಡೂ ಕಲಬೆರಕೆಯಿಂದಲೇ ಬರುತ್ತದೆ ಎನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ತಪ್ಪಿನ ಬೀಜ ಮಾತ್ರ ಅಲ್ಲೇ ಬಿತ್ತು.

ಒಂದೂವರೆ ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಉಪೇಂದ್ರನಿಗೆ ಪದೇ ಪದೇ ನೆಗಡಿ ಮಾತ್ರ ಬಿಡಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವನೇ ಬಾಯಿಬಿಟ್ಟ.

"ಅಕ್ಕ, ಸುಕೃತಿಗೆ ಹೇಳ್ಬೇಡ. ನಮ್ ಶಿಫ್ಟಲ್ಲಿ ಎಲ್ರೂ ಅಮೃತಬಳ್ಳಿ ಪುಡಿ ಕುಡೀತಾರೆ. ನಾನೂ ಫೆಬ್ರವರಿಯಿಂದ ಕುಡೀತಿದೀನಿ. ಎಂಟು ತಿಂಗಳಾಯ್ತು. ನೆಗಡಿ ಹಂಗೇ ಇದೆ ನೋಡು."

"ಯಾವ ಕಂಪ್ನಿದು? ತಗೊಂಬಾ ಇಲ್ಲಿ," ಎಂದಳು ವಾಸಂತಿ.

ಡಬ್ಬಿಯನ್ನು ಲ್ಯಾಬಿಗೆ ಒಯ್ದಳು. ಗಾಜಿನ ತಟ್ಟೆಯವರೆಗೂ ಹೋಗಬೇಕಾಗಲಿಲ್ಲ. ಒಂದು ಚಿಟಿಕೆಗೆ ಅಯೋಡಿನ್ ಒಂದು ತೊಟ್ಟು ಬಿಟ್ಟಳು; ಪುಡಿ ಕಡುನೀಲಿಯಾಯಿತು. ಮುಕ್ಕಾಲು ಪಾಲು ಹಿಟ್ಟು. ಸಂಜೆ ಮನೆಗೆ ಬಂದು ತಮ್ಮನನ್ನು ಚೆನ್ನಾಗಿ ಗೇಲಿ ಮಾಡಿದಳು. "ಎಂಟು ತಿಂಗಳು ಅಂಬಲಿ ಕುಡಿದಿದೀಯ ಕಣೋ. ನಾನು ಇರೋದು ಯಾತಕ್ಕೆ? ಒಂದು ಮಾತು ಕೇಳ್ಬಾರ್ದಿತ್ತಾ?"

ಆ ತಿಂಗಳೇ ಆಯುಧಪೂಜೆ. ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಹಂಡೆಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಪ್ರತಿಯೊಬ್ಬ ಕೆಲಸಗಾರನಿಗೂ ಕಡಲೆಪುರಿ, ಸಿಹಿಯ ಪೊಟ್ಟಣ, ಜೊತೆಗೆ ಆ ವರ್ಷದ ಅತ್ಯುತ್ತಮ ಬ್ಯಾಚಿನಿಂದ ಕಾಲು ಕಿಲೋ ಪುಡಿ ಕೊಡುತ್ತಾರೆ. ಹೊರಗೆ ಮಾರುವಾಗ ಗಂಟು ಕಟ್ಟದಿರಲೆಂದು ಲೆಕ್ಕವಾಗಿ ಬೆರೆಸುವ ಚೂರು ಹಿಟ್ಟನ್ನೂ ಇದಕ್ಕೆ ಬೆರೆಸುವುದಿಲ್ಲ. ಕೆಲಸಗಾರರ ಮನೆಗೆ ಹೋಗುವುದು ಅಪ್ಪಟವಾಗಿರಬೇಕು ಎಂಬುದು ಹಳೆಯ ಯಜಮಾನರ ಕಾಲದಿಂದ ಬಂದ ಮರ್ಯಾದೆ. ಬ್ಯಾಚ್ ಆರಿಸುವವಳು ವಾಸಂತಿ. ಆ ವರ್ಷ ಅವಳು ಹದಿನೇಳನೆಯ ಬ್ಯಾಚ್ ಆರಿಸಿದಳು. ಅಷ್ಟು ಕಹಿಯಾದ, ಅಷ್ಟು ಗಾಢವಾದ ಅಮೃತಬಳ್ಳಿಯ ಸಾರವನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಆರಿಸುವಾಗ ಅವಳ ಮನಸ್ಸಿನಲ್ಲಿದ್ದವನು ಒಬ್ಬನೇ.

ಮಾರನೆಯ ಬೆಳಿಗ್ಗೆಯಿಂದ ಕಾಫಿಗೆ ಮೊದಲು ಬಿಸಿನೀರಿನಲ್ಲಿ ಅರ್ಧ ಚಮಚ. ಉಪೇಂದ್ರ ಮುಖ ಸಿಂಡರಿಸಿ, "ಅಬ್ಬಾ, ಇದು ನಿಜವಾದ್ದು ಬಿಡು," ಎಂದ. ವಾಸಂತಿ ಸೆರಗಿನಿಂದ ಅವನ ಬಾಯಿ ಒರೆಸುವುದೊಂದು ಬಾಕಿ. "ಕೆಳಗೆ ಹೇಳ್ಬೇಡ. ಅವಳು ಡಾಕ್ಟ್ರು ಹಾಕಿದ ಗೆರೆ ದಾಟಲ್ಲ. ಇದು ನನ್ ಕಡೆಯಿಂದ," ಎಂದಳು. ಕಿಡ್ನಿಯನ್ನಂತೂ ತೆಗೆದುಕೊಳ್ಳಲಿಲ್ಲ, ಇದನ್ನಾದರೂ ತೆಗೆದುಕೊಳ್ಳಲಿ ಎಂಬುದು ಅವಳ ಒಳಗಿನ ಮಾತು.

ಮೂರು ವಾರಕ್ಕೆ ನೆಗಡಿ ನಿಂತಿತು. ನಿಜವಾಗಿಯೂ ನಿಂತಿತು. ಪುಡಿ ತಾನು ಮಾಡುವ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದೆ ಎಂದು ವಾಸಂತಿ ಹಿಗ್ಗಿದಳು.

ಡಿಸೆಂಬರ್ ಎರಡನೆಯ ವಾರ ಉಪೇಂದ್ರನ ಕಾಲು ಊದಿದವು. ಮೂತ್ರ ಕಡಿಮೆಯಾಯಿತು. ರಕ್ತಪರೀಕ್ಷೆ ನೋಡಿದ ಡಾಕ್ಟರು ಅಂದೇ ಅಡ್ಮಿಟ್ ಮಾಡಿಕೊಂಡರು. ಡಾಕ್ಟರ್ ಅಮೋಘ್ ಚಿಕ್ಕ ವಯಸ್ಸಿನವರು, ಅವಸರವಿಲ್ಲದೆ ಮಾತಾಡುವವರು. ಹೊರಗಿನ ಔಷಧಿ, ಕಷಾಯ ಏನಾದರೂ ತೆಗೆದುಕೊಂಡಿದ್ದರಾ ಎಂದು ಮೊದಲ ದಿನವೇ ಕೇಳಿದರು. ಸುಕೃತಿ ನೋಟ್‌ಬುಕ್ ತೆರೆದು ತೋರಿಸಿದಳು. "ನಮ್ಮನೇಲಿ ಅಂಥದ್ದಕ್ಕೆಲ್ಲ ಜಾಗ ಇಲ್ಲ ಸಾರ್." ಉಪೇಂದ್ರ ಮಂಚದ ಮೇಲಿಂದ ಹೌದೆಂಬಂತೆ ತಲೆಯಾಡಿಸಿದ. ಅಕ್ಕನ ಪುಡಿ ಅವನ ಲೆಕ್ಕದಲ್ಲಿ ಔಷಧಿಯೇ ಅಲ್ಲ, ಅಕ್ಕನ ಕಾಫಿಯ ಜೊತೆಗಿನದು. ಹೇಳಿದರೆ ಹೆಂಡತಿಗೂ ಅಕ್ಕನಿಗೂ ಮಾತು ಬೆಳೆಯುತ್ತದೆ ಎಂಬ ಅಳುಕೂ ಇತ್ತು.

ಆಗ ವಾಸಂತಿ ಅಲ್ಲಿರಲಿಲ್ಲ. ಸಂಜೆ ಕೆಲಸದಿಂದ ನೇರ ಆಸ್ಪತ್ರೆಗೆ ಬಂದಳು, ಕೈಯಲ್ಲಿ ಫ್ಲಾಸ್ಕು. ಅದರಲ್ಲಿ ಬಿಸಿನೀರು, ಬಿಸಿನೀರಿನಲ್ಲಿ ಒಂದು ಪೂರ್ತಿ ಚಮಚ. ಮೈಗೆ ಆಗದಿರುವಾಗ ಶಕ್ತಿ ಹೆಚ್ಚು ಬೇಕಲ್ಲವೇ? ಸುಕೃತಿ ಕ್ಯಾಂಟೀನಿಗೆ ಹೋದ ಹತ್ತು ನಿಮಿಷದಲ್ಲಿ ತಮ್ಮನಿಗೆ ಕುಡಿಸಿದಳು. ಮರುದಿನವೂ ಹಾಗೆಯೇ.

ಮೂರನೆಯ ದಿನ ಬಯಾಪ್ಸಿಯ ವರದಿ ಬಂತು. ಡಾಕ್ಟರ್ ಅಮೋಘ್ ಇಬ್ಬರು ಹೆಂಗಸರನ್ನೂ ಕೂರಿಸಿಕೊಂಡು ಹೇಳಿದರು.

"ನೋಡಿ ಮೇಡಂ, ನಮ್ಮ ಮೈಯೊಳಗೆ ಕಾವಲಿನವರು ಇರ್ತಾರೆ. ಹೊರಗಿಂದ ಏನೇ ಬರ್ಲಿ, ಹೊಡೆದು ಓಡಿಸೋದೇ ಅವರ ಕೆಲಸ. ನೀವು ಕೊಟ್ಟ ಕಿಡ್ನಿನೂ ಅವರ ಪಾಲಿಗೆ ಹೊರಗಿಂದು. ಪ್ರೀತಿಯಿಂದ ಕೊಟ್ಟಿದ್ದು ಅಂತ ಅವರಿಗೆ ಗೊತ್ತಾಗಲ್ಲ. ಅದಕ್ಕೇ ಎರಡು ಹೊತ್ತು ಮಾತ್ರೆ ಕೊಟ್ಟು ಅವರನ್ನ ತೂಕಡಿಸೋ ಹಾಗೆ ಇಟ್ಟಿದ್ವಿ. ಈಗ ಯಾಕೋ ಎದ್ದುಬಿಟ್ಟಿದಾರೆ. ಕಿಡ್ನಿ ಮೇಲೆ ಬಿದ್ದಿದಾರೆ. ಯಾರು ಎಬ್ಬಿಸಿದ್ರು ಅನ್ನೋದೇ ಗೊತ್ತಾಗ್ತಿಲ್ಲ."

ವಾಸಂತಿಗೆ ಗೊತ್ತಾಯಿತು. ಕಾರ್ಖಾನೆಯ ಕ್ಯಾಟಲಾಗಿನಲ್ಲಿ ಅಮೃತಬಳ್ಳಿಯ ಪುಟದ ಮೊದಲ ಸಾಲು ಅವಳಿಗೆ ಬಾಯಿಪಾಠ: ದೇಹದ ರಕ್ಷಣಾ ಶಕ್ತಿಯನ್ನು ಎಚ್ಚರಿಸುತ್ತದೆ. ಆ ಸಾಲು ಸರಿಯಾಗಿದೆಯೇ ಎಂದು ಅಚ್ಚಿಗೆ ಹೋಗುವ ಮುನ್ನ ನೋಡಿಕೊಟ್ಟವಳೂ ಅವಳೇ. ಆಸ್ಪತ್ರೆಯ ಹಾಳೆಯ ಏಳನೆಯ ಸಾಲು ಕೊಳಕಿನ ಬಗ್ಗೆ ಇರಲಿಲ್ಲ. ಹಿಟ್ಟು ತುಂಬಿದ ಪುಡಿ ಎಂಟು ತಿಂಗಳು ಏನನ್ನೂ ಮಾಡಲಿಲ್ಲ, ಏಕೆಂದರೆ ಅದರಲ್ಲಿ ಏನೂ ಇರಲಿಲ್ಲ. ಅವಳ ಪುಡಿಯಲ್ಲಿ ಎಲ್ಲವೂ ಇತ್ತು. ಆ ಮೋಸದ ಡಬ್ಬಿಯನ್ನೇ ತಮ್ಮ ಕುಡಿಯುತ್ತಾ ಇದ್ದಿದ್ದರೆ ಅವನ ಕಿಡ್ನಿ ಇವತ್ತಿಗೂ ನಡೆಯುತ್ತಿತ್ತೇನೋ.

"ನನ್ನಿಂದಾನೇ ಆಗಿದೆ ಸಾರ್," ಎಂದಳು ಸುಕೃತಿ, ಇದ್ದಕ್ಕಿದ್ದಂತೆ. ನೋಟ್‌ಬುಕ್ಕಿನ ಒಂದು ಪುಟ ತೆರೆದು ಮೇಜಿನ ಮೇಲಿಟ್ಟಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. "ನವೆಂಬರ್ ಇಪ್ಪತ್ಮೂರು. ತುಮಕೂರು ರೋಡಲ್ಲಿ ಒಂದು ಮದುವೆ ಇತ್ತು. ಜಾಲಹಳ್ಳಿ ಕ್ರಾಸಲ್ಲಿ ಟ್ರಾಫಿಕ್ಕು. ಮಾತ್ರೆ ಮನೇಲೇ ಬಿಟ್ಬಂದಿದ್ದೆ. ಎಂಟರ ಮಾತ್ರೆ ಹತ್ತೂವರೆಗೆ ಕೊಟ್ಟೆ."

"ಒಂದು ದಿನ ಎರಡೂವರೆ ಗಂಟೆ ಲೇಟಾದ್ರೆ ಇಷ್ಟಾಗಲ್ಲ ಮೇಡಂ. ಬೇರೆ ಏನೋ ಇರ್ಬೇಕು. ಇನ್ನೊಂದು ಸಲ ಯೋಚ್ನೆ ಮಾಡಿ ಹೇಳಿ," ಎಂದರು ಡಾಕ್ಟರು. ಕಣ್ಣು ಇಬ್ಬರ ಮೇಲೂ ಹಾಯಿತು.

ಬಾಯಿ ತೆರೆಯಬೇಕಾದ ಹೊತ್ತು ಅದೇ. ವಾಸಂತಿ ತೆರೆಯಲಿಲ್ಲ. ಸ್ಟೂಲಿಗೆ ಅಂಟಿಕೊಂಡವಳಂತೆ ಕೂತಳು.

ಅಲ್ಲಿಯವರೆಗಿನದು ತಿಳಿಯದೆ ಮಾಡಿದ ತಪ್ಪು. ಅದನ್ನು ಯಾರಾದರೂ ಮನ್ನಿಸಬಹುದು. ಆಮೇಲಿನ ಎರಡು ದಿನದ್ದು ತಿಳಿದೇ ಮಾಡಿದ್ದು. ಪುಡಿ ನಿಲ್ಲಿಸಿದಳು, ಅದು ನಿಜ. ನಿಲ್ಲಿಸಿದರಾಯಿತಲ್ಲ, ಹೇಳಿ ಇನ್ನೇನು ಆಗಬೇಕು, ಇಂಜೆಕ್ಷನ್ ಹೇಗೂ ಕೊಡುತ್ತಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ಚಿಟಿಕೆ ಬೇರೆ ಬಳ್ಳಿ ಬೆರೆತಿದ್ದರೆ ಲಾರಿಯನ್ನೇ ಹಿಂದಕ್ಕೆ ಕಳಿಸುತ್ತಿದ್ದ ಹೆಂಗಸು, ತನ್ನ ಮೌನವನ್ನು ಮಾತ್ರ ಎರಡು ದಿನ ಪಾಸು ಮಾಡಿದಳು.

ಆ ಎರಡು ದಿನ ಸುಕೃತಿ ಅನ್ನ ಮುಟ್ಟಲಿಲ್ಲ. ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಆ ಒಂದೇ ಪುಟ ತೆರೆದುಕೊಂಡು ಕೂತಿರುತ್ತಿದ್ದಳು. ಎರಡನೆಯ ಮಧ್ಯಾಹ್ನ ವಾಸಂತಿ ಮೊಸರನ್ನದ ಡಬ್ಬಿ ಹಿಡಿದು ಬಂದಾಗ ಅವಳು ತಲೆ ಎತ್ತದೆ ಕೇಳಿದಳು:

"ಅತ್ತಿಗೆ, ನಿಜ ಹೇಳಿ. ನಾನೇ ಕೊಟ್ಟು, ನಾನೇ ಹಾಳ್ಮಾಡ್ದೆ ಅಲ್ವಾ?"

"ಹಂಗೆಲ್ಲ ಅಂದ್ಕೋಬೇಡಮ್ಮ. ಯಾರ ಕೈಲೂ ಏನಿಲ್ಲ," ಎಂದಳು ವಾಸಂತಿ. ಅವಳ ಬೆನ್ನನ್ನೂ ಸವರಿದಳು.

ಸುಕೃತಿ ಆ ಕೈಯನ್ನು ಹಿಡಿದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಆ ಕೆನ್ನೆಯ ಬಿಸಿ ತಾಕಿದ್ದೇ ವಾಸಂತಿಗೆ ತಾಳಲಾಗಲಿಲ್ಲ. ಕೈ ಬಿಡಿಸಿಕೊಂಡಳು.

"ನಿಂದಲ್ಲ ಸುಕೃತಿ. ನಾನು. ನಾನು ಅವನಿಗೆ ಅಮೃತಬಳ್ಳಿ ಪುಡಿ ಕೊಡ್ತಿದ್ದೆ. ಫ್ಯಾಕ್ಟ್ರಿದು."

ಸುಕೃತಿ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಎರಡನ್ನೂ ಅವಳ ಮಡಿಲಿಗಿಟ್ಟಳು.

"ಬರೀರಿ. ಯಾವತ್ತಿಂದ, ಎಷ್ಟು ಚಮಚ, ಎಷ್ಟು ಹೊತ್ತಿಗೆ. ಒಂದೂ ಬಿಡ್ಬೇಡಿ. ಡಾಕ್ಟ್ರಿಗೆ ತೋರಿಸ್ಬೇಕು."

ವಾಸಂತಿ ಬರೆದಳು. ಮೂವತ್ತು ವರ್ಷ ರಿಜಿಸ್ಟರು ತುಂಬಿದ ಕೈ. ಅಕ್ಷರ ದುಂಡಗೆ ಬಂದವು. ಅಕ್ಟೋಬರ್ ಇಪ್ಪತ್ನಾಲ್ಕು, ಬೆಳಿಗ್ಗೆ ಏಳು ಗಂಟೆ, ಅರ್ಧ ಚಮಚ. ಅಕ್ಟೋಬರ್ ಇಪ್ಪತ್ತೈದು, ಬೆಳಿಗ್ಗೆ ಏಳು ಗಂಟೆ, ಅರ್ಧ ಚಮಚ. ಪುಟ ಮುಗಿದು ಮತ್ತೊಂದು ಪುಟವಾಯಿತು. ಆಸ್ಪತ್ರೆಯ ಎರಡು ಸಂಜೆಗಳ ಎದುರು 'ಒಂದು ಚಮಚ' ಎಂದು ಬರೆಯುವಾಗ ಸುಕೃತಿ ಪಕ್ಕದಿಂದ ಓದಿದಳು. ಕೊನೆಗೆ ವಾಸಂತಿ ಅಭ್ಯಾಸಬಲದಿಂದ ಬ್ಯಾಚ್ ನಂಬರನ್ನೂ ಬರೆದು, ಕೆಳಗೆ ಸಹಿ ಹಾಕಿದಳು.

ಡಾಕ್ಟರು ಆ ಪುಟಗಳನ್ನು ಎರಡು ಸಲ ಓದಿದರು. ಚಿಕಿತ್ಸೆ ಬದಲಿಸಿದರು, ಇನ್ನೂ ಬಲವಾದ ಔಷಧಿ ಹಾಕಿದರು. ಇದೊಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು, ಆದರೆ ಇದಕ್ಕಿಂತ ಬೇರೆ ಕಾರಣ ತಮಗೂ ಕಾಣುತ್ತಿಲ್ಲ ಎಂದರು. ಹೊರಡುವಾಗ ವಾಸಂತಿ ಬಾಗಿಲ ಬಳಿ ಅವರನ್ನು ತಡೆದಳು.

"ಎರಡು ದಿನ ಮುಂಚೆ ಹೇಳಿದ್ರೆ ಉಳೀತಿತ್ತಾ ಸಾರ್?"

ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಹೇಳಕ್ಕಾಗಲ್ಲ ಮೇಡಂ," ಎಂದರು.

ಇಲ್ಲ ಎಂದಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು. ಹೌದು ಎಂದಿದ್ದರೂ ಅತ್ತು ಮುಗಿಸಬಹುದಿತ್ತು. ಈ ಎರಡೂ ಅಲ್ಲದ ಮಾತನ್ನು ಹೊತ್ತುಕೊಂಡು ಅವಳು ಎಲ್ಲಿಗೆ ಹೋಗಬೇಕು?

ಜನವರಿ ಮುಗಿಯುವಷ್ಟರಲ್ಲಿ ಕಿಡ್ನಿ ನಿಂತಿತು. ಉಪೇಂದ್ರ ಮತ್ತೆ ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗತೊಡಗಿದ. ಸುಕೃತಿಯ ಸೊಂಟದ ಮೇಲಿನ ಗಾಯದ ಗೆರೆ ಹಾಗೇ ಇದೆ; ಅದರಿಂದ ಯಾರಿಗೂ ಉಪಯೋಗವಿಲ್ಲದೆ ಹೋಯಿತು.

ವಾಸಂತಿ ಮತ್ತೆ ಕೆಲಸಕ್ಕೆ ಹೋದಳು. ಮೊದಲ ದಿನವೇ ಸಿದ್ದರಾಮಪ್ಪನವರ ಮುಂದೆ ನಿಂತು, ಚೀಟಿಯಲ್ಲಿ ಒಂದು ಎಚ್ಚರಿಕೆ ಅಚ್ಚು ಹಾಕಿಸಬೇಕು, ಕಸಿ ಮಾಡಿಸಿಕೊಂಡವರು ಇದನ್ನು ಕುಡಿಯಬಾರದು ಎಂದಳು. ಅವರು ಸಿಟ್ಟಾಗಲಿಲ್ಲ, ಸಂಕಟಪಟ್ಟುಕೊಂಡೇ ಹೇಳಿದರು: "ನಾವು ಮೂಟೇಲಿ ಮಾರೋರು ವಾಸಂತಮ್ಮ. ಡಬ್ಬಿಗೆ ತುಂಬೋರು ಬೇರೆ, ಚೀಟಿ ಅಂಟಿಸೋರು ಬೇರೆ. ನಮ್ಮ ಮಾತು ಅಲ್ಲೀವರೆಗೂ ಹೋಗಲ್ಲ." ಮೂಟೆಗೆ ಅವಳಿಂದ ಏನನ್ನೂ ಮಾಡಲಾಗಲಿಲ್ಲ. ಆಯುಧಪೂಜೆ ಬಂದಾಗ ಮಾತ್ರ ಕೆಲಸಗಾರರ ನೂರಿಪ್ಪತ್ತು ಡಬ್ಬಿಗಳಿಗೂ ಕೈಯಲ್ಲೇ ಬರೆದ ಚೀಟಿ ಅಂಟಿಸಿದಳು. ಸ್ಟೋರಿನ ವೆಂಕಟಪ್ಪ ತನ್ನ ಡಬ್ಬಿ ತಿರುಗಿಸಿ ಓದಿ ನಕ್ಕ. "ಇದ್ಯಾಕ್ರಮ್ಮ, ಅಬ್ಬದ ದಿನ ಇಂಗೆ ಎದರಿಸ್ತೀರಾ? ನಮ್ಮಜ್ಜಿ ಕಾಲದಿಂದ ಕುಡ್ದಿರೋ ಬಳ್ಳಿ ಇದು."

"ಬಳ್ಳಿದು ತಪ್ಪಿಲ್ಲ ವೆಂಕಟಪ್ಪ. ಯಾರು ಕುಡೀತಾರೆ ಅಂತ ಕೇಳ್ದೆ ಕೊಟ್ಟೋರದ್ದು," ಎಂದಳು. ಅವನ ನಗು ನಿಂತಿತು. ತನ್ನ ಪಾಲಿನ ಡಬ್ಬಿಯನ್ನು ಅವಳು ಮನೆಗೆ ಒಯ್ಯಲಿಲ್ಲ. ಒಳಚರಂಡಿಗೆ ಸುರಿದು, ಡಬ್ಬಿ ತೊಳೆದು ಲ್ಯಾಬಿನಲ್ಲೇ ಬಿಟ್ಟಳು.

ಮನೆಯಲ್ಲಿ ಸುಕೃತಿ ಮಾತು ಬಿಟ್ಟಳು. ಜಗಳವಿಲ್ಲ, ಬಾಗಿಲು ಬಡಿಯುವುದಿಲ್ಲ, ಗೇಟಿನಲ್ಲಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಾಳೆ. ಅತ್ತಿಗೆ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ನೋಟ್‌ಬುಕ್ಕಿಗೆ ಒಂದು ಹೊಸ ಅಂಕಣ ಸೇರಿತು: 'ಕೊಟ್ಟವರು'. ಡಯಾಲಿಸಿಸ್ ರೋಗಿ ದಿನಕ್ಕೆ ಕುಡಿಯಬಹುದಾದ ನೀರೇ ಇಷ್ಟು ಎಂದು ಅಳತೆ. ಪ್ರತಿ ಲೋಟದ ಎದುರೂ ಆ ಅಂಕಣದಲ್ಲಿ ಸುಕೃತಿಯ ಹೆಸರು. ಉಪೇಂದ್ರನಿಗೆ ಮೆಟ್ಟಿಲು ಹತ್ತಿ ಬರುವ ಕಸುವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ವಾಸಂತಿ ಬೆಳಿಗ್ಗೆ ಏಳಕ್ಕೆ ಒಂದೇ ಲೋಟ ಕಾಫಿ ಮಾಡಿಕೊಂಡು ಕುಡಿದಳು. ಒಂದೂವರೆ ವರ್ಷ ಹಾಗೇ ಕಳೆಯಿತು.

ಕಳೆದ ಭಾನುವಾರ ಕೆಮ್ಮು ಕೇಳಿ ತಿರುಗಿ ನೋಡಿದರೆ ಬಾಗಿಲಲ್ಲಿ ಉಪೇಂದ್ರ. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಎದ್ದ ಗಂಟುಗಳು. ಎದುರಿಗೆ ನಿಂತ ತಮ್ಮನ ವಯಸ್ಸು ತನಗಿಂತ ಹೆಚ್ಚಾಗಿಹೋಗಿದೆ ಎನ್ನಿಸಿತು ಅವಳಿಗೆ.

"ಕಾಫಿ ಕೊಡಕ್ಕ. ನಾಲ್ಗೆಗೆ ನಿನ್ ಕಾಫಿ ಬೇಕು ಅನ್ನಿಸ್ತು."

"ಸುಕೃತಿಗೆ ಹೇಳಿ ಬಂದ್ಯಾ?"

"ಹೇಳಿದೀನಿ."

ಅವನು ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಎಡಗಿವಿ ಮುಟ್ಟಿಕೊಳ್ಳುತ್ತಾನೆ. ಈಗಲೂ ಮುಟ್ಟಿಕೊಂಡ. ವಾಸಂತಿ ಕಾಫಿ ಸೋಸಿದಳು, ಹಾಲು ಬೆರೆಸಿದಳು. ಲೋಟವನ್ನು ಅವನ ಕೈಗೆ ಕೊಡಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಲೋಟ ಹಿಡಿದು ಮೆಟ್ಟಿಲಿಳಿದಳು. ಕೆಳಗಿನ ಮನೆಯ ಹೊಸ್ತಿಲಲ್ಲಿ ನಿಂತಳು, ಒಳಗೆ ಕಾಲಿಡಲಿಲ್ಲ.

ಸುಕೃತಿ ಬೀನ್ಸ್ ಬಿಡಿಸುತ್ತಿದ್ದಳು.

"ಉಪ್ಪಿ ಮೇಲೆ ಬಂದಿದಾನೆ. ಕಾಫಿ ಕೇಳ್ದ. ಕೊಡ್ಲಾ?" ಎಂದಳು ವಾಸಂತಿ. "ಹಾಲು, ಕಾಫಿಪುಡಿ, ಅರ್ಧ ಚಮಚ ಸಕ್ಕರೆ. ಬೇರೇನಿಲ್ಲ."

ಸುಕೃತಿ ಎದ್ದು ಬಂದಳು. ಲೋಟ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಒಂದು ಗುಟುಕು ತಾನೇ ಕುಡಿದು ನೋಡಿದಳು. ಇಷ್ಟೂ ವರ್ಷ ತಾನು ಊರಿನವರ ಪುಡಿಗೆ ಮಾಡುತ್ತಿದ್ದುದನ್ನೇ ಇವಳು ಮಾಡುತ್ತಿದ್ದಾಳೆ, ಮಾಡಲಿ ಎಂದುಕೊಂಡಳು ವಾಸಂತಿ. ಸುಕೃತಿ ಅಳತೆಯ ಲೋಟಕ್ಕೆ ಅರವತ್ತು ಮಿಲಿ ಸುರಿದಳು, ಉಳಿದದ್ದನ್ನು ಸಿಂಕಿಗೆ ಚೆಲ್ಲಿದಳು. ಮೊಳೆಯಿಂದ ನೋಟ್‌ಬುಕ್ ತೆಗೆದು ಹೊಸ್ತಿಲಿಗೆ ತಂದಳು. ತಾರೀಖು, ಏಳೂ ಹತ್ತು, ಕಾಫಿ, ಅರವತ್ತು ಮಿಲಿ ಎಂದು ಬರೆದಳು. 'ಕೊಟ್ಟವರು' ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಪೆನ್ನನ್ನು ವಾಸಂತಿಯ ಕಡೆ ಚಾಚಿದಳು.

"ಸಹಿ ಹಾಕಿ," ಎಂದಳು.

ಒಂದೂವರೆ ವರ್ಷದಲ್ಲಿ ಅವಳು ಆಡಿದ ಮೊದಲ ಮಾತು. ಅದರಲ್ಲಿ ಕ್ಷಮೆ ಇರಲಿಲ್ಲ. ಇದೆಯೇನೋ ಎಂದು ವಾಸಂತಿಯೂ ಹುಡುಕಲಿಲ್ಲ. ನೋಟ್‌ಬುಕ್ಕನ್ನು ಗೋಡೆಗೆ ಆನಿಸಿ, ಕನ್ನಡಕ ಸರಿಮಾಡಿಕೊಂಡು, ಸಾವಿರಾರು ಬ್ಯಾಚಿನ ಕೆಳಗೆ ಹಾಕಿದ್ದ ಅದೇ ಸಹಿಯನ್ನು ಹಾಕಿದಳು. ಕುಡಿಯುವವರು ಯಾರು, ಅವರ ಮೈಯೊಳಗೆ ಏನಿದೆ ಎಂದು ಕುಡಿಸುವ ಮುನ್ನವೇ ಪೂರ್ತಿ ತಿಳಿದು ಅವಳು ಹಾಕಿದ ಸಹಿ ಅದೊಂದೇ.

ಆಮೇಲೆ ಲೋಟ ಹಿಡಿದು ಮೆಟ್ಟಿಲು ಹತ್ತಿದಳು, ತೊಟ್ಟೂ ಚೆಲ್ಲದ ಹಾಗೆ. ಕಾಫಿ ಆರಿಹೋಗಿತ್ತು. ಉಪೇಂದ್ರ ಒಂದೇ ಗುಟುಕಿಗೆ ಮುಗಿಸಿ, ಲೋಟದ ತಳ ನೋಡಿ, "ಇಷ್ಟೇನಾ ಅಕ್ಕ?" ಎಂದ.

"ಇಷ್ಟೇ ಕಣೋ," ಎಂದಳು ವಾಸಂತಿ.